ವ್ಯಸನಮುಕ್ತಿಯೂ ದುಡಿಮೆಯೂ: ಧರ್ಮಕೇಂದ್ರದ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಮಾಜಸೇವಾ ಗೋಷ್ಠಿಯಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತವರಿಗೆ ಮೊದಲು ಮೂಡುವ ಭಾವನೆ ಕೃತಜ್ಞತೆ. ಘಟ್ಟ ಹತ್ತಿ ಬಂದು, ಕಾಫಿ ತೋಟಗಳ ಲೈನು ಮನೆಗಳಲ್ಲಿ ಬಿಡಾರ ಹೂಡಿ, ವಾರದ ಬಟವಾಡೆಯಲ್ಲಿ ಕಾಸಿಗೆ ಕಾಸು ಕೂಡಿಸಿ ಈ ದೇವಾಲಯಕ್ಕೆ ಕಲ್ಲು ಹೊತ್ತ ನಮ್ಮ ಹಿರಿಯರನ್ನು ನಾವು ಇಂದು ನೆನೆಯುತ್ತಿದ್ದೇವೆ. ಸೇವೆ ಸಲ್ಲಿಸಿದ ಗುರುಗಳ, ದಾನಿಗಳ, ಧರ್ಮೋಪದೇಶಕರ ಹೆಸರುಗಳು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಲಿವೆ. ಅದು ಯುಕ್ತವೇ ಸರಿ. ಆದರೆ ಯಾವ ಪಟ್ಟಿಯಲ್ಲಿಯೂ ಸೇರದ ಕೆಲವರು ನಮ್ಮ ನಡುವೆ ಇದ್ದರು, ಇದ್ದಾರೆ. ಅವರ ಕುರಿತು ಎರಡು ಮಾತು ಹೇಳಲು ನಮ್ಮ ಸಭೆಗೆ ಅಪ್ಪಣೆಯಾಗಿದೆ. ಹಬ್ಬದ ದಿನ ಕಹಿ ಮಾತೇಕೆ ಎಂದು ಯಾರೂ ಬೇಸರಿಸಬಾರದೆಂದು ವಿನಂತಿ.

1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝನಾಮ್ ಎಂಬ ತರುಣ ವಿದ್ಯಾರ್ಥಿಯೂ ಆತನ ಗೆಳೆಯರೂ ಕಟ್ಟಿದ ಈ ಸಭೆಯ ಮುಖ್ಯ ನಿಯಮ ಒಂದೇ: ಬಡವರು ನಮ್ಮಲ್ಲಿಗೆ ಬರಲೆಂದು ಕಾಯದೆ, ನಾವೇ ಅವರ ಮನೆಗೆ ಹೋಗುವುದು. ಹಾಗೆ ಹೋಗಿ ಹೋಗಿ ನಾವು ಕಂಡುಕೊಂಡ ಸತ್ಯ ಇದು. ಅಕ್ಕಿ ಕೊಟ್ಟ ಮನೆಗೆ ಮರುವಾರವೂ ಅಕ್ಕಿ ಬೇಕಾಗುತ್ತದೆ, ಶಾಲೆಯ ಶುಲ್ಕ ಕಟ್ಟಿದ ಮಗು ವರ್ಷದ ನಡುವೆ ಶಾಲೆ ಬಿಡುತ್ತದೆ, ಔಷಧಿ ತಂದುಕೊಟ್ಟ ತಾಯಿಯ ಮೈಮೇಲೆ ಹೊಸ ಗಾಯಗಳು ಕಾಣುತ್ತವೆ. ಕಾರಣ ಹುಡುಕಿದರೆ ಬಹಳ ಮನೆಗಳಲ್ಲಿ ಅದು ಬಾಗಿಲ ಮೂಲೆಯಲ್ಲಿಯೇ ಬಿದ್ದಿರುತ್ತದೆ, ಖಾಲಿ ಪೊಟ್ಟಣವಾಗಿ ಅಥವಾ ಖಾಲಿ ಸೀಸೆಯಾಗಿ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂದು ಕುಳಿತಿತು. ಕುಡಿಯುವವನ ಸಾಲ ಮಾತ್ರ ಬೆಳೆಯಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಸಹೋದರನೊಬ್ಬನು, ಅವನ ಹೆಸರು ಬೇಡ, ತೋಟಗಳಲ್ಲಿ ಮರಗಸಿ ಮಾಡುವ ನಿಪುಣ ಕೆಲಸಗಾರನಾಗಿದ್ದವನು, ಕುಡಿತಕ್ಕೆ ಬಲಿಬಿದ್ದನು. ಹೆಂಡತಿ ಹಸುವನ್ನು ಮಾರಿದಳು. ಆಮೇಲೆ ಕರುವನ್ನು ಮಾರಿದಳು. ನಾವೆಲ್ಲರೂ ಹಣ ಕೂಡಿಸಿ ಅವನನ್ನು ದೂರದ ಚಿಕಿತ್ಸಾ ಕೇಂದ್ರವೊಂದಕ್ಕೆ ಕಳುಹಿಸಿದೆವು. ಒಂದು ತಿಂಗಳ ತರುವಾಯ ಬಿಳಿಯ ಅಂಗಿ ತೊಟ್ಟು, ತಲೆ ಬಾಚಿ, ಭಾನುವಾರದ ಬಲಿಪೂಜೆಗೆ ಅವನು ಬಂದು ಮುಂದಿನ ಸಾಲಿನಲ್ಲಿ ಮಂಡಿಯೂರಿದಾಗ ನಾವು ಕಣ್ಣೀರು ಹಾಕಿದೆವು. ದೇವರಿಗೆ ಸ್ತೋತ್ರ ಎಂದೆವು. ನಮ್ಮ ಕೆಲಸ ಮುಗಿಯಿತೆಂದು ಮನೆಗೆ ಹೋದೆವು.

ಅವನ ಕಷ್ಟ ಶುರುವಾದದ್ದು ಆ ಸೋಮವಾರದಿಂದ. ಕೈ ನಡುಗುವವನನ್ನು ಮರ ಹತ್ತಿಸುವುದು ಹೇಗೆ ಎಂದು ಮೇಸ್ತ್ರಿ ಹಿಂಜರಿದನು. ಹಿಂದೆ ಮುಂಗಡ ಪಡೆದು ಕೆಲಸಕ್ಕೆ ಬಾರದೆ ಹೋದವನೆಂದು ತೋಟದವರು ಹತ್ತಿರ ಸೇರಿಸಲಿಲ್ಲ. ಕೊನೆಗೆ ಲಾರಿಗೆ ಮಾಲು ತುಂಬುವ ಕೆಲಸ ಸಿಕ್ಕಿತು. ಆ ಗುಂಪಿನವರು ಸಂಜೆಯ ಕೂಲಿಯನ್ನು ಹಂಚಿಕೊಳ್ಳುತ್ತಿದ್ದುದು ಮದ್ಯದಂಗಡಿಯ ಮುಂದಿನ ಕಟ್ಟೆಯ ಮೇಲೆ. ಮೂರು ತಿಂಗಳು ಅವನು ಆ ಕಟ್ಟೆಯ ಮೇಲೆ ಕುಳಿತು ಬರಿಗೈಯಲ್ಲಿ ಎದ್ದು ಬಂದನಂತೆ. ನಾಲ್ಕನೆಯ ತಿಂಗಳು ಆಗಲಿಲ್ಲ. ಎರಡು ವರ್ಷಗಳಲ್ಲಿ ನಾವು ಅವನನ್ನು ಮಣ್ಣು ಮಾಡಿದೆವು. ಶವಪೆಟ್ಟಿಗೆಗೆ ಬೇಕಾದ ಹಣ ಒಂದು ಗಂಟೆಯೊಳಗೆ ಕೂಡಿತು. ಕೊಡೆನೆಂದವರು ಯಾರೂ ಇಲ್ಲ. ಬದುಕಿದ್ದಾಗ ಹೊಸ ಕೆಲಸಕ್ಕೆ ಹತ್ಯಾರು ಕೊಳ್ಳಲು ಅವನು ಸಾಲ ಕೇಳಿದ್ದನು, ಪೆಟ್ಟಿಗೆಯ ಬೆಲೆಗಿಂತ ಕಡಿಮೆ ಮೊತ್ತ. ಅದಕ್ಕೆ ನಮ್ಮಲ್ಲಿ ಹಣವಿರಲಿಲ್ಲ. ಶವಪೆಟ್ಟಿಗೆಗೆ ದೊರೆತ ಹಣ ಹತ್ಯಾರಿಗೆ ದೊರೆಯಲಿಲ್ಲವೆಂಬ ಈ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಬೆಥಾನಿಯದ ಲಾಸರನ ವೃತ್ತಾಂತವನ್ನು ನಾವೆಲ್ಲರೂ ಕೇಳಿದ್ದೇವೆ. ಸತ್ತು ನಾಲ್ಕು ದಿನವಾಗಿದ್ದವನನ್ನು ಯೇಸುಸ್ವಾಮಿ ಗೋರಿಯಿಂದ ಹೊರಗೆ ಕರೆದರು. ಅವನು ಹೊರಬಂದನು, ಆದರೆ ಕೈಕಾಲುಗಳಿಗೆ ಸುತ್ತಿದ ಬಟ್ಟೆ ಹಾಗೆಯೇ ಇತ್ತು. ಸಾವನ್ನೇ ಗೆದ್ದ ಸ್ವಾಮಿಗೆ ಆ ಬಟ್ಟೆ ಬಿಚ್ಚುವುದು ಅಸಾಧ್ಯವಾಗಿತ್ತೇ? ಅವರು ಆ ಕೆಲಸವನ್ನು ಸುತ್ತ ನಿಂತಿದ್ದ ನೆರೆಹೊರೆಯವರಿಗೆ ವಹಿಸಿದರು. ಗೋರಿಯ ಬಾಗಿಲ ಕಲ್ಲನ್ನು ಸರಿಸುವುದೂ ಅವರ ಪಾಲಿಗೇ ಬಿತ್ತು. ಜೀವ ಕೊಡುವುದು ದೇವರ ಕೆಲಸ. ಕಲ್ಲು ಸರಿಸುವುದೂ ಕಟ್ಟು ಬಿಚ್ಚುವುದೂ ಊರಿನವರ ಕೆಲಸ. ನಮ್ಮ ಸಹೋದರನನ್ನು ದೇವರು ಗೋರಿಯಿಂದ ಹೊರಗೆ ಕರೆದಿದ್ದರು. ಅವನ ಕಟ್ಟುಗಳನ್ನು ನಾವು ಬಿಚ್ಚಲಿಲ್ಲ.

ಈ ಕಟ್ಟುಗಳು ಯಾವುವು? ಮೊದಲನೆಯದು ದೇಹದ ಕಟ್ಟು. ಕುಡಿತವನ್ನು ನಾವು ಬಹುಕಾಲ ಬರಿಯ ದುರ್ಗುಣವೆಂದೇ ಎಣಿಸಿದೆವು. ಪಾಪನಿವೇದನೆ ಮಾಡಿ ಶಪಥ ತೊಟ್ಟರೆ ಸಾಕೆಂದು ಬುದ್ಧಿ ಹೇಳಿದೆವು. ಮದ್ಯಾವಲಂಬನೆ ಒಂದು ರೋಗವೆಂದು ವೈದ್ಯಶಾಸ್ತ್ರ ಇಂದು ಸ್ಪಷ್ಟವಾಗಿ ಹೇಳುತ್ತದೆ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಸನ್ನಿ ಹಿಡಿದು ಇಲ್ಲದ್ದನ್ನು ಕಾಣುತ್ತಾರೆ, ಪ್ರಾಣವೂ ಹೋಗಬಹುದು. ಆದುದರಿಂದ ಅಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು ಭಕ್ತಿಯೂ ಅಲ್ಲ, ಚಿಕಿತ್ಸೆಯೂ ಅಲ್ಲ. ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಗಂಡನಿಗೆ ತಿಳಿಯದಂತೆ ಊಟದಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸುತ್ತೇವೆಂದು ಹೇಳುವವರ ಮಾತಿಗೆ ನಮ್ಮ ತಾಯಂದಿರು ಮರುಳಾಗಬಾರದು. ಅಂಥ ಔಷಧಿಯ ಮೇಲೆ ಮದ್ಯ ಬಿದ್ದರೆ ಜೀವಕ್ಕೇ ಅಪಾಯ.

ನಮ್ಮ ದೇಶದಲ್ಲಿ ಈ ರೋಗ ಎಷ್ಟು ವ್ಯಾಪಕವೆಂಬುದಕ್ಕೆ ಕೇಂದ್ರ ಸರಕಾರದ ಪರವಾಗಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯೇ ಸಾಕ್ಷಿ. 10ರಿಂದ 75 ವರ್ಷ ವಯಸ್ಸಿನವರಲ್ಲಿ ನೂರಕ್ಕೆ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುವವರು. ಮದ್ಯಕ್ಕೆ ದಾಸರಾದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಅಥವಾ ನೆರವು ಪಡೆದವರು 38 ಮಂದಿಯಲ್ಲಿ ಒಬ್ಬರು ಮಾತ್ರ. ಉಳಿದ 37 ಮಂದಿ ಎಲ್ಲಿದ್ದಾರೆ? ಅವರಲ್ಲಿ ಕೆಲವರು ಭಾನುವಾರ ನಮ್ಮ ದೇವಾಲಯದ ಹಿಂದಿನ ಬಾಗಿಲ ಬಳಿ ನಿಂತಿರುತ್ತಾರೆ.

ಎರಡನೆಯದು ಒಂಟಿತನದ ಕಟ್ಟು. ಶಪಥ ಒಂದರಿಂದಲೇ ಇದು ಬಿಚ್ಚಿಕೊಳ್ಳದು ಎಂಬುದಕ್ಕೆ ಧರ್ಮಸಭೆಯ ಚರಿತ್ರೆಯೇ ಪಾಠ ಹೇಳುತ್ತದೆ. ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ ಅವರು 1838ರಲ್ಲಿ ಪಾನನಿರೋಧದ ಶಪಥವನ್ನು ಆರಂಭಿಸಿದಾಗ ಲಕ್ಷಗಟ್ಟಲೆ ಜನರು ಮುಂದೆ ಬಂದರು. ಅವರನ್ನು ಈ ಕಾರ್ಯಕ್ಕೆ ಒತ್ತಾಯಿಸಿದವರು ವಿಲಿಯಂ ಮಾರ್ಟಿನ್ ಎಂಬ ಕ್ವೇಕರ್ ಪಂಥದ ಹಿರಿಯರು, ಕಥೋಲಿಕರಲ್ಲ. ಅದು ಆಗಿನ ಕಾಲಕ್ಕೆ ದೊಡ್ಡ ಸಹಕಾರವೇ ಸರಿ. ಆದರೆ 1845ರಿಂದ ಬಂದ ಮಹಾಕ್ಷಾಮ ಹಳ್ಳಿಗಳನ್ನು ಬರಿದು ಮಾಡಿತು. ಶಪಥ ತೊಟ್ಟವರನ್ನು ಊರೂರಿನಲ್ಲಿ ಹಿಡಿದು ನಿಲ್ಲಿಸುವ ಬಲವಾದ ವ್ಯವಸ್ಥೆಯೂ ಇರಲಿಲ್ಲ. ಆ ಮಹಾ ಚಳವಳಿ ಕುಗ್ಗಿತು. ನಮ್ಮಲ್ಲಿಯೂ ಹೀಗೆಯೇ. ತಪಸ್ಸುಕಾಲದ ನಲವತ್ತು ದಿನ ಸೀಸೆ ಮುಟ್ಟದವನು ಪಾಸ್ಕದ ಮಧ್ಯಾಹ್ನ ಎಲ್ಲಿರುತ್ತಾನೆಂಬುದು ನಮಗೆ ಗೊತ್ತು. ಅವನ ಲೋಟಕ್ಕೆ ಸುರಿದವರು ಯಾರೆಂಬುದೂ ಗೊತ್ತು.

ಅದಕ್ಕೆ ಪ್ರತಿಯಾಗಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ನಡೆದುದನ್ನು ನೋಡೋಣ. 1935ರಲ್ಲಿ ಅಲ್ಲಿ ಇಬ್ಬರು ಕುಡುಕರು ಭೇಟಿಯಾದರು. ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರವೈದ್ಯನು. ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳಿ, ಒಬ್ಬರನ್ನೊಬ್ಬರು ಹಿಡಿದು ನಿಂತು, ಕುಡಿಯದೆ ದಿನ ಕಳೆದರು. ಇಂದು ಜಗತ್ತಿನಾದ್ಯಂತ ಹರಡಿರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗದ ಹುಟ್ಟು ಅದೇ. ಕುಡುಕರಿಗೆ ಆಸ್ಪತ್ರೆಗಳು ಹಾಸಿಗೆ ಕೊಡದ ಆ ಕಾಲದಲ್ಲಿ, 1939ರಲ್ಲಿ, ಏಕ್ರನ್ನಿನ ಸಂತ ತೋಮಾಸರ ಕಥೋಲಿಕ ಆಸ್ಪತ್ರೆಯ ಪ್ರವೇಶ ಕಚೇರಿಯಲ್ಲಿದ್ದ ಧರ್ಮಭಗಿನಿ ಇಗ್ನೇಷಿಯಾ ಅವರು ಆ ವೈದ್ಯರ ರೋಗಿಗಳಿಗೆ ಬಾಗಿಲು ತೆರೆದರು. ಮುಂದಿನ ವರ್ಷಗಳಲ್ಲಿ ಅವರಿಬ್ಬರೂ ಕೂಡಿ ಸಾವಿರಾರು ರೋಗಿಗಳಿಗೆ ಆರೈಕೆ ಮಾಡಿದರು. ಆಸ್ಪತ್ರೆಯಿಂದ ಹೊರಡುವವನ ಕೈಗೆ ಆ ತಾಯಿ ಯೇಸುವಿನ ಪವಿತ್ರ ಹೃದಯದ ಮುದ್ರಿಕೆಯೊಂದನ್ನು ಕೊಟ್ಟು, ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ತಂದು ಹಿಂದಿರುಗಿಸಬೇಕು ಎಂದು ಮಾತು ಪಡೆಯುತ್ತಿದ್ದರು. ವೈದ್ಯರು ಕಥೋಲಿಕರಲ್ಲ, ಆಸ್ಪತ್ರೆ ಕಥೋಲಿಕರದು, ಬಳಗ ಎಲ್ಲರದು. ಮೂರೂ ಸೇರಿದ್ದರಿಂದಲೇ ಕೆಲಸ ನಡೆಯಿತು.

ನಮ್ಮ ದೇಶದಲ್ಲಿಯೂ ಇಂಥ ಮೇಲ್ಪಂಕ್ತಿಗಳಿವೆ. 1981ರಲ್ಲಿ ಮುಂಬಯಿಯ ಬಾಂದ್ರಾದ ಮೌಂಟ್ ಕಾರ್ಮೆಲ್ ದೇವಾಲಯದಲ್ಲಿ ಗುರು ಜೋ ಪಿರೇರಾ ಅವರು ಕೃಪಾ ಪ್ರತಿಷ್ಠಾನವನ್ನು ಆರಂಭಿಸಿದರು. ಅಲ್ಲಿ ಬಳಗದ ಹನ್ನೆರಡು ಹೆಜ್ಜೆಗಳ ಜೊತೆಗೆ ಯೋಗಾಭ್ಯಾಸವೂ ಚಿಕಿತ್ಸೆಯ ಭಾಗ; ಆ ಯೋಗವನ್ನು ಗುರುಗಳು ಕಲಿತದ್ದು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರಿಂದ. ಇನ್ನೂ ಹತ್ತಿರ ನೋಡಬೇಕಾದರೆ ಚಾರ್ಮಾಡಿ ಘಾಟಿ ಇಳಿದರೆ ಸಾಕು. ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ನಡೆಸುವ ಮದ್ಯವರ್ಜನ ಶಿಬಿರಗಳು ರಾಜ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಜರುಗಿವೆ. ಅವುಗಳ ಕ್ರಮ ಗಮನಾರ್ಹ. ವ್ಯಸನಿಯನ್ನು ದೂರದ ಕಟ್ಟಡಕ್ಕೆ ಒಯ್ಯುವ ಬದಲು ಶಿಬಿರವೇ ಅವನ ಊರಿಗೆ ಬರುತ್ತದೆ. ಸುಮಾರು ಒಂದು ವಾರ ಊರಿನ ಸಭಾಭವನದಲ್ಲಿ ಹತ್ತಾರು ಜನ ಒಟ್ಟಿಗೆ ಇರುತ್ತಾರೆ. ಊರವರ ಸಮಿತಿಯೊಂದು ಹೊಣೆ ಹೊರುತ್ತದೆ. ಮನೆಯವರನ್ನು ಕರೆಸಿ ಮಾತನಾಡಿಸುತ್ತಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂಬ ಹೆಸರಿನಲ್ಲಿ ಅವರು ಮತ್ತೆ ಮತ್ತೆ ಸಭೆ ಸೇರುತ್ತಾರೆ. ಊರೇ ಸಾಕ್ಷಿಯಾದುದರಿಂದ ಊರೇ ಕಾವಲು.

ಮೂರನೆಯದು, ನಾವು ಬಿಚ್ಚದೆ ಬಿಟ್ಟ ಕಟ್ಟು: ಕೆಲಸವಿಲ್ಲದಿರುವಿಕೆ. ಕುಡಿತ ಬಿಟ್ಟವನಿಗೆ ಇದ್ದಕ್ಕಿದ್ದಂತೆ ಸಂಜೆಗಳು ಉದ್ದವಾಗುತ್ತವೆ. ಹಿಂದಿನ ಸಾಲಗಾರರು ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಕಸುಬಿಲ್ಲದಿದ್ದರೆ ಅವನು ಹಿಂದಿನ ಕೆಲಸಕ್ಕೆ, ಹಿಂದಿನ ಜೊತೆಗಾರರ ಬಳಿಗೆ, ಹಿಂದಿನ ಕಟ್ಟೆಗೆ ಮರಳುವುದು ಅನಿವಾರ್ಯವಾಗುತ್ತದೆ. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ದುಡಿಯುವವರ ಹಕ್ಕುಗಳನ್ನು ಕುರಿತು ವಿಶ್ವಪತ್ರವನ್ನು ಬರೆದರು. ಅದರ ತೊಂಬತ್ತನೆಯ ವರ್ಷವಾದ 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ದುಡಿಮೆ ಮನುಷ್ಯನಿಗಾಗಿ ಇರುವುದೆಂದೂ ದುಡಿಯುತ್ತ ಮನುಷ್ಯನು ಹೆಚ್ಚು ಮನುಷ್ಯನಾಗುತ್ತಾನೆಂದೂ ತಮ್ಮ ಪತ್ರದಲ್ಲಿ ಬೋಧಿಸಿದರು. ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್ ಎಂಬ ಕೂಲಿಕಾರನನ್ನು ಕೆಲವರು ಕೇಳಿರಬಹುದು. 1884ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ ಕುಡಿತ ಬಿಟ್ಟ ಆತ, ಮರದ ಅಡ್ಡೆಯಲ್ಲಿ ದಿಮ್ಮಿ ಹೊರುತ್ತ, ದಿನವೂ ಬಲಿಪೂಜೆಗೆ ಹೋಗುತ್ತ, 1925ರಲ್ಲಿ ಸಾಯುವವರೆಗೂ ಶಪಥ ಮುರಿಯಲಿಲ್ಲ. 1975ರಲ್ಲಿ ಧರ್ಮಸಭೆ ಆತನನ್ನು ಪೂಜ್ಯರೆಂದು ಘೋಷಿಸಿತು. ಆತನನ್ನು ಪ್ರಾರ್ಥನೆ ಎತ್ತಿ ಹಿಡಿಯಿತು, ನಿಜ. ದಿನದ ದುಡಿಮೆಯೂ ಜೊತೆಗಿತ್ತೆಂಬುದನ್ನು ಮರೆಯಬಾರದು.

ಕಸುಬು ಕಲಿಸುವ ವಿಷಯದಲ್ಲಿಯೂ ನಮಗೆ ದಾರಿ ತೋರಿದ್ದು ಘಟ್ಟದ ಕೆಳಗಿನ ಉಜಿರೆಯೇ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿನ ಶಿಕ್ಷಣ ಸಂಸ್ಥೆ, ಕೆನರಾ ಬ್ಯಾಂಕು ಮತ್ತು 2020ರಲ್ಲಿ ಅದರೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ನಿರುದ್ಯೋಗಿ ಗ್ರಾಮೀಣ ಯುವಜನರಿಗೆ ಊಟ ವಸತಿಯೊಡನೆ, ಶುಲ್ಕವಿಲ್ಲದೆ, ಕೆಲವು ವಾರಗಳಲ್ಲಿ ಮುಗಿಯುವ ತರಬೇತಿ; ಹೊಲಿಗೆ, ಹೈನುಗಾರಿಕೆ, ದ್ವಿಚಕ್ರ ವಾಹನ ದುರಸ್ತಿ, ಪಂಪ್‌ಸೆಟ್ ಮೋಟಾರಿನ ರಿವೈಂಡಿಂಗ್ ಮುಂತಾದವು. ತರಬೇತಿ ಮುಗಿದೊಡನೆ ಕೈಬಿಡದೆ ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿಕೊಟ್ಟು, ಅನಂತರವೂ ವಿಚಾರಿಸುತ್ತಿರುವುದು ಅದರ ವೈಶಿಷ್ಟ್ಯ. ಈ ಮಾದರಿಯನ್ನೇ ಅನುಸರಿಸಿ ಕೇಂದ್ರ ಸರಕಾರವು ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಸ್ಥಾಪಿಸಿತು. ದೇವಸ್ಥಾನ ಜಾಗ ಕೊಟ್ಟಿತು, ಬ್ಯಾಂಕು ಬಂಡವಾಳ ಕೊಟ್ಟಿತು ಎಂಬಷ್ಟರಿಂದಲೇ ಅದು ಬೆಳೆಯಲಿಲ್ಲ. ಯಾರ ಕೈಯಲ್ಲಿ ಏನಿತ್ತೋ ಅದನ್ನು ಒಂದೇ ಮೇಜಿನ ಮೇಲೆ ಇಟ್ಟುದರಿಂದ ಬೆಳೆಯಿತು.

ಮೊದಲ ಸಹೋದರನನ್ನು ಕಳೆದುಕೊಂಡ ಮೇಲೆ ನಾವು ಕಲಿತ ಪಾಠ ಇನ್ನೊಬ್ಬನ ಪಾಲಿಗೆ ಉಪಯೋಗವಾಯಿತು. ಅವನು ಶಿಬಿರದಿಂದ ಬಂದ ವಾರವೇ ನಮ್ಮ ಸಭೆಯ ಇಬ್ಬರು ಅವನನ್ನು ಕರೆದುಕೊಂಡು ಉಜಿರೆಗೆ ಹೋದರು. ಮೋಟಾರು ಕಟ್ಟುವುದನ್ನು ಕಲಿತು ಬಂದನು. ಹಿರಿಯರೊಬ್ಬರು ರಸ್ತೆಯ ಬದಿಯ ತಮ್ಮ ಕೋಣೆಯನ್ನು ಆರು ತಿಂಗಳು ಬಾಡಿಗೆ ಕೇಳದೆ ಬಿಟ್ಟುಕೊಟ್ಟರು. ಹೂಮಳೆ ಕೈಕೊಟ್ಟ ವರ್ಷ ತೋಟಗಳೆಲ್ಲ ಸ್ಪ್ರಿಂಕ್ಲರಿಗೆ ಓಡಿದಾಗ ಅವನ ಬಾಗಿಲಲ್ಲಿ ಸುಟ್ಟ ಮೋಟಾರುಗಳು ಸಾಲುಗಟ್ಟಿದವು. ಅವನು ಒಮ್ಮೆ ಜಾರಿದನೆಂಬುದನ್ನೂ ಮುಚ್ಚಿಡುವುದಿಲ್ಲ. ಮದುವೆ ಮನೆಯೊಂದರಲ್ಲಿ ಬಂಧುಗಳೇ ಬಲವಂತ ಮಾಡಿದರು. ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ, ರಿಪೇರಿಗೆ ಮೋಟಾರು ಕೊಟ್ಟಿದ್ದ ಮುಸಲ್ಮಾನ ನೆರೆಯವರು ಮನೆಗೇ ಹೋಗಿ, "ನೀನಿಲ್ಲದೆ ನಮ್ಮ ಗಿಡ ಒಣಗುತ್ತಿದೆ ಮಾರಾಯ" ಎಂದು ಕರೆತಂದರು. ನಮ್ಮ ಉಪದೇಶಗಳೆಲ್ಲ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ತಾನು ಯಾರಿಗೋ ಬೇಕಾದವನು ಎಂದು ತಿಳಿದವನಿಗೆ ಏಳಲು ಕಾರಣ ಸಿಗುತ್ತದೆ.

ಆದುದರಿಂದ ಶತಮಾನೋತ್ಸವದ ಈ ವೇಳೆಯಲ್ಲಿ ನಮ್ಮ ಸಭೆ ಧರ್ಮಕೇಂದ್ರದ ಮುಂದೆ ಕೆಲವು ಬಿನ್ನಹಗಳನ್ನು ಇಡಬಯಸುತ್ತದೆ. ಮೊದಲನೆಯದಾಗಿ, ನಮ್ಮ ಸಭಾಭವನದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಚೇತರಿಸಿಕೊಳ್ಳುತ್ತಿರುವವರ ಬಳಗಕ್ಕೂ, ಇನ್ನೊಂದು ಸಂಜೆ ಅವರ ಮನೆಯವರಿಗೂ ಬಿಟ್ಟುಕೊಡೋಣ. ಜಾತಿ ಮತ ಕೇಳುವುದು ಬೇಡ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಲಿ. ಎರಡನೆಯದಾಗಿ, ಉತ್ಸವದ ಲೆಕ್ಕ ಮುಗಿದು ಉಳಿಯುವ ಹಣದ ಒಂದು ಭಾಗವನ್ನು ಹತ್ಯಾರು ನಿಧಿಯಾಗಿ ತೆಗೆದಿಡೋಣ. ಕಸುಬು ಕಲಿತು ಬಂದವನಿಗೂ, ಗಂಡನ ಕುಡಿತದಿಂದ ನೊಂದು ಹೊಲಿಗೆ ಕಲಿತ ತಾಯಿಗೂ ಅದರಿಂದ ಬಡ್ಡಿಯಿಲ್ಲದ ಕೈಸಾಲ ದೊರೆಯಲಿ. ಮೂರನೆಯದಾಗಿ, ನಮ್ಮಲ್ಲಿರುವ ಬೆಳೆಗಾರರು, ಗುತ್ತಿಗೆದಾರರು, ಗ್ಯಾರೇಜು ಅಂಗಡಿಗಳ ಮಾಲೀಕರು ವರ್ಷಕ್ಕೆ ಒಬ್ಬನಿಗಾದರೂ ಕೆಲಸ ಕೊಡುತ್ತೇವೆಂದು ಹೆಸರು ಬರೆಸಲಿ. ಮೊದಲ ತಿಂಗಳುಗಳಲ್ಲಿ ಅವನನ್ನು ಏಣಿಯ ಮೇಲೆ ಹತ್ತಿಸದೆ ನೆಲದ ಕೆಲಸ ಕೊಡಲಿ. ಬಟವಾಡೆ ಮದ್ಯದಂಗಡಿಯ ದಾರಿಯಲ್ಲಿ ನಡೆಯದಿರಲಿ.

ನಾಲ್ಕನೆಯದಾಗಿ, ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಸ್ತ್ರೀಶಕ್ತಿ ಗುಂಪುಗಳು, ನೆರೆಯ ದೇವಸ್ಥಾನ ಮಸೀದಿಗಳ ಹಿರಿಯರು ಇವರೊಡನೆ ಕೂಡಿ ಒಂದು ಸಮಿತಿಯಾಗಲಿ. ಮದ್ಯ ಯಾವ ಮತದವನ ಮನೆಯನ್ನೂ ಬಿಟ್ಟಿಲ್ಲ. ಮದ್ದು ಮಾತ್ರ ಬೇರೆ ಬೇರೆ ಏಕೆ? ಸಲಹೆ ಬೇಕಾದವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಇವೆ. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಇವುಗಳನ್ನು ದೇವಾಲಯದ ಪ್ರಕಟಣಾ ಫಲಕದ ಮೇಲೆ ಬರೆಸೋಣ. ಕೊನೆಯದಾಗಿ, ನಮ್ಮ ಮದುವೆ, ಹಬ್ಬ, ಉತ್ತರಕ್ರಿಯೆಗಳ ಊಟದಲ್ಲಿ ಒಲ್ಲೆನೆಂದವನಿಗೆ ಲೋಟ ಹಿಡಿಸುವ ಮರ್ಯಾದೆ ಇಂದಿಗೇ ನಿಲ್ಲಲಿ. ಈ ಶತಮಾನೋತ್ಸವದ ಊಟ ಅದಕ್ಕೆ ಮೇಲ್ಪಂಕ್ತಿಯಾಗಲಿ.

ಇವು ದೊಡ್ಡ ಕಾರ್ಯಗಳಲ್ಲ. ಹೊಸ ಗಂಟೆಗೋಪುರಕ್ಕಿಂತ ಕಡಿಮೆ ಖರ್ಚಿನವು. ಆದರೆ ಹಿರಿಯರು ಹೊತ್ತ ಕಲ್ಲುಗಳಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಇದಕ್ಕಿಂತ ಬೇರೆ ಏನಿದೆ? ಅವರು ಕಟ್ಟಿದ್ದು ಬರಿಯ ಗೋಡೆಯಲ್ಲ, ಘಟ್ಟ ಹತ್ತಿ ಬಂದ ಒಂಟಿ ಜೀವಗಳಿಗೆ ಒಂದು ಮನೆ. ಆ ಮನೆಯ ಬಾಗಿಲಲ್ಲಿ ಇಂದು ಕೈಕಾಲು ಕಟ್ಟಿಸಿಕೊಂಡು ನಿಂತವರಿದ್ದಾರೆ. ಅವರನ್ನು ಸರ್ವೇಶ್ವರ ಹೆಸರು ಹಿಡಿದು ಕರೆಯುತ್ತಿದ್ದಾರೆ; ಕಟ್ಟು ಬಿಚ್ಚಲು ನಮ್ಮ ಕೈಗಳನ್ನು ಕೇಳುತ್ತಿದ್ದಾರೆ. ಮೊದಲ ಸಹೋದರನ ಸಮಾಧಿ ನಮ್ಮ ಸ್ಮಶಾನದ ಮೂರನೆಯ ಸಾಲಿನಲ್ಲಿದೆ. ಈ ಸಭೆ ಮುಗಿದ ಮೇಲೆ ಅಲ್ಲಿಗೆ ಹೋಗಿ ಒಂದು ಜಪ ಹೇಳಿ ಬರುವವರಿದ್ದರೆ ನಾವೂ ಜೊತೆಗೆ ಬರುತ್ತೇವೆ. ಅಲ್ಲಿಂದ ಹಿಂದಿರುಗುವಾಗ ಹತ್ಯಾರು ನಿಧಿಯ ಪುಸ್ತಕ ಬಾಗಿಲ ಬಳಿ ತೆರೆದಿರುತ್ತದೆ.

ನಮ್ಮ ಪಾಲಕ ಸಂತರ ಬಿನ್ನಹದಿಂದಲೂ, ದುಡಿಯುವವರ ಆಶ್ರಯದಾತರಾದ ಸಂತ ಜೋಸೆಫರ ಪ್ರಾರ್ಥನೆಯಿಂದಲೂ ಸರ್ವೇಶ್ವರ ನಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.